ಹಸಿರು ಶಾಯಿಯ ಗೆಳತಿ

ಆ ಬಾಡಿಗೆ ಲೈಬ್ರರಿಯಲ್ಲಿ ಕಾದಂಬರಿ ಓದಿದವರು ಕೊನೆಯ ಖಾಲಿ ಪುಟದಲ್ಲಿ ಒಂದೆರಡು ಸಾಲು ಅಭಿಪ್ರಾಯ ಬರೆಯುವುದು ರೂಢಿ. ಆರು ವರ್ಷದಿಂದ ವಾರಿಜಾ, ಹಸಿರು ಶಾಯಿಯಲ್ಲಿ ಬರೆಯುವ ಅಪರಿಚಿತೆಯೊಬ್ಬಳು ಮೆಚ್ಚಿದ ಪ್ರೇಮಕಥೆಗಳನ್ನಷ್ಟೇ ಒಯ್ಯುತ್ತಿದ್ದಳು. 'ನನ್ನ ಗಂಡನೂ ಈ ನಾಯಕನ ಹಾಗೇ, ಮನಸ್ಸು ಬಿಚ್ಚುವುದೇ ಇಲ್ಲ' ಎಂದು ಹಸಿರು ಶಾಯಿ ಒಮ್ಮೆ ಬರೆದಾಗ, ಸ್ವಂತ ತಂಗಿಗೂ ಹೇಳದ್ದನ್ನೆಲ್ಲ ವಾರಿಜಾ ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ತೋಡಿಕೊಂಡಿದ್ದಳು.

ಇವತ್ತು ಮಾತ್ರ ಸಿಟ್ಟಿನಲ್ಲೇ ಬಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

"ಶೇಷಪ್ಪನವರೇ, ಈ ರೆಕ್ಕೆಯ ರಾಜಕುಮಾರ ಮುನ್ನೂರು ಪುಟ ನಾಯಕಿಗೆ ಮೋಸ ಮಾಡ್ತಾನೆ. ಕೊನೇಲಿ ಒಂದು ಮುತ್ತು ಕೊಟ್ಟ ತಕ್ಷಣ ಅವಳು ಕ್ಷಮಿಸಿಬಿಡ್ತಾಳೆ! ಇದನ್ನ ನನ್ನ ಹಸಿರು ಶಾಯಿ ಗೆಳತಿ ಹೇಗೆ ಮೆಚ್ಚಿದ್ಲು? ಅವಳ ಹೆಸರು ಹೇಳಿ. ಮನೆಗೇ ಹೋಗಿ ಜಗಳ ಆಡಿ, ಕಾಫಿ ಕುಡಿದು ಬರ್ತೀನಿ."

"ಮೆಂಬರ್ ಹೆಸರು ಹೇಳೋ ಹಾಗಿಲ್ಲಮ್ಮ," ಎನ್ನುತ್ತ ಲೈಬ್ರರಿಯ ಮಾಲೀಕ ಶೇಷಪ್ಪ ಹೊಸದೊಂದು ಪುಸ್ತಕ ಮುಂದಿಟ್ಟರು. "ಯಕ್ಷಲೋಕದ ಪ್ರೇಮಕಥೆ. ಅವರು ನಿನ್ನೆ ತಾನೇ ಓದಿ ವಾಪಸ್ ಕೊಟ್ರು. ತುಂಬಾ ಹೊಗಳಿ ಬರೆದಿದಾರೆ."

ವಾರಿಜಾ ಕೊನೆಯ ಪುಟ ತೆರೆದಳು. ಅದು ಖಾಲಿಯಿತ್ತು.

"ಏನೂ ಬರೆದೇ ಇಲ್ವಲ್ಲ?"

ಶೇಷಪ್ಪ ಪುಸ್ತಕಕ್ಕೆ ಕೈ ಚಾಚಿದರು.

"ನೀವು ಸರಿಯಾಗಿ ನೋಡಿಲ್ಲ ಅನ್ಸುತ್ತೆ. ಕೊಡಿ, ತಾರೀಖಿನ ಸೀಲ್ ಒತ್ತಿ ತರ್ತೀನಿ," ಎಂದು ಪುಸ್ತಕ ಹಿಡಿದು ಪರದೆಯ ಹಿಂದೆ ಹೋದರು.

ಎರಡು ನಿಮಿಷದಲ್ಲಿ ಪುಸ್ತಕ ಅವಳ ಕೈಗೆ ಬಂತು. ವಾರಿಜಾ ಮತ್ತೆ ಕೊನೆಯ ಪುಟ ತೆರೆದು, 'ಅತ್ತುಬಿಟ್ಟೆ, ಗೆಳತಿ' ಎಂಬ ಸಾಲಿನ ಮೇಲೆ ಬೆರಳಾಡಿಸಿದಳು; ಬೆರಳಿಗೆ ಹಸಿರು ಶಾಯಿ ಹತ್ತಿಕೊಂಡಿತು.