ನಾಯಕರ ನೆರಳಿನ ಬಣ್ಣ

"ಈ ನೆರಳು ಯಾಕೆ ನೀಲಿ ಇದೆ?" ಎಂದು ಗೆರ್ಗೋವ್ ಕೇಳಿದಾಗ ಕಲಾವಿದೆ ರಾಡ್ಕಾ ಕುಂಚ ಕೆಳಗಿಟ್ಟಳು. ಯಾವ ಚಿತ್ರ ಪ್ರದರ್ಶನಕ್ಕೆ ಹೋಗಬೇಕೆಂದು ತೀರ್ಮಾನಿಸುವ ಪಕ್ಷದ ಸಮಿತಿಯಿಂದ ಬಂದವನು ಅವನು. ಕ್ಯಾನ್ವಾಸಿನ ಮೇಲೆ ಹಿಮ ಬಿದ್ದ ಸೋಫಿಯಾ ನಗರದ ಚೌಕ, ನಡುವೆ ನಾಯಕರ ಪ್ರತಿಮೆ. ಹಿಮದ ಮೇಲೆ ಚಾಚಿಕೊಂಡಿದ್ದ ಅದರ ನೆರಳಿನ ಮೇಲೆ ಅವನ ಬೆರಳು ನಿಂತಿತ್ತು.

"ಇದು ಪ್ಯಾರಿಸ್ಸಿನ ಕಲಾವಿದರ ಚಾಳಿ. ಅವರಿಗೆ ನೆರಳೆಲ್ಲ ನೀಲಿ, ಹುಲ್ಲೆಲ್ಲ ಚುಕ್ಕೆ. ಆಮೇಲೆ ಬಂದವರು ಮನುಷ್ಯನ ಮೂಗನ್ನೇ ತ್ರಿಕೋನ ಮಾಡಿಟ್ರು. ನೀವೂ ಅದೇ ದಾರಿ ಹಿಡಿದ್ರಾ, ಕಾಮ್ರೇಡ್?"

ಇದೇ ಚೌಕವನ್ನು ಬರೆಯುತ್ತಿದ್ದ ಪಕ್ಕದ ಕೋಣೆಯ ಅಸೆನ್‌ನನ್ನು ಪೊಲೀಸರು ಕರೆದೊಯ್ದು ಹನ್ನೊಂದು ದಿನವಾಗಿತ್ತು. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. "ಅಯ್ಯೋ, ನಾನು ಯಾರನ್ನೂ ನಕಲು ಮಾಡಿಲ್ಲ. ಬನ್ನಿ, ನೀವೇ ನೋಡಿ," ಎಂದು ರಾಡ್ಕಾ ಕಿಟಕಿಯ ಪರದೆ ಸರಿಸಿದಳು. ಕೆಳಗೆ ಚೌಕದಲ್ಲಿ ಮಧ್ಯಾಹ್ನದ ಬಿಸಿಲು, ಹಿಮ, ಪ್ರತಿಮೆ. ನೆರಳು ಅಚ್ಚ ನೀಲಿಯಾಗಿತ್ತು.

ಗೆರ್ಗೋವ್ ತುಂಬ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಪರದೆ ಎಳೆದು ಅವಳತ್ತ ತಿರುಗಿದ.

"ಈಗ ಹೇಳಿ. ಯಾವ ಬಣ್ಣ?"

"ಕಪ್ಪು," ಎಂದಳು ರಾಡ್ಕಾ. ಅಷ್ಟರಲ್ಲಾಗಲೇ ಅವಳ ಕೈ ಕಪ್ಪು ಬಣ್ಣದ ಟ್ಯೂಬನ್ನು ಹಿಂಡುತ್ತಿತ್ತು.

"ಜಾಣೆ," ಎಂದು ಅವನು ಟೋಪಿ ಹಾಕಿಕೊಂಡ. "ನಾನು ಪರದೆ ಎಳೆದ ಮೇಲೂ ಆ ಅಸೆನ್ ನೀಲಿ ಅಂತಲೇ ಅಂದ."