ಇಳಿದ ತಂತಿ

ಒಂದೊಂದು ಹಾಡನ್ನೂ ಕಾಲು ಗಂಟೆ ನುಡಿಸುತ್ತಿದ್ದ ಆ ಹಳೇ ರಾಕ್ ತಂಡ ಇಪ್ಪತ್ತು ವರ್ಷಗಳ ಮೇಲೆ ಹೊಸ ಆಲ್ಬಮ್ ತಂದಿತ್ತು. ಬಿಡುಗಡೆಗೆ ಬಂದವರ ಬಾಯಲ್ಲೆಲ್ಲ ಕೊನೆಯ ಹಾಡಿನ ಗಿಟಾರಿನದೇ ಮಾತು. ಜನ ಹೊಗಳಿದಷ್ಟೂ ತಂಡದ ನಾಯಕ, ಈಗಿನ ಗಿಟಾರಿಸ್ಟ್ ಎಡ್ವಿನ್ ತನ್ನ ಸೆಟೆದುಕೊಂಡ ಬೆರಳುಗಳನ್ನು ಜೇಬಿನೊಳಗೆ ತುರುಕುತ್ತಿದ್ದ.

ಹಿಂದೊಮ್ಮೆ ರೆಕಾರ್ಡಿಂಗ್ ನಡುವೆಯೇ ಅವನು ತಂಡದಿಂದ ಹೊರಹಾಕಿದ್ದ ಗಿಟಾರಿಸ್ಟ್ ಪ್ರಭಂಜನ ಎದುರಿಗೆ ಬಂದು ನಿಂತ.

“ಚೆನ್ನಾಗಿ ಬಂದಿದೆ ಕಣೋ. ಕೊನೇಲಿ ಮಾತ್ರ ಮೂರನೇ ತಂತಿ ಶ್ರುತಿಯಿಂದ ಸ್ವಲ್ಪ ಇಳಿದಿದೆ.”

ಎಡ್ವಿನ್ ತಲೆ ಎತ್ತಲಿಲ್ಲ. “ವಯಸ್ಸಾಯ್ತಲ್ಲ, ಕಿವಿಗೆ ಗೊತ್ತಾಗಲ್ಲ.”

“ಎಂಥ ವಯಸ್ಸು? ಅವತ್ತು ಇದನ್ನ ನುಡಿಸ್ದಾಗ ನಂಗಿನ್ನೂ ಮೂವತ್ತಾಗಿರ್ಲಿಲ್ಲ. ಶ್ರುತಿ ಮಾಡ್ಕೊಂಡು ಇನ್ನೊಂದ್ಸಲ ನುಡಿಸ್ತೀನಿ ಅಂತ ಎಷ್ಟು ಬೇಡ್ಕೊಂಡೆ. ಸಾಕು, ಆಚೆ ನಡಿ ಅಂದವನು ನೀನೇ.”