ಬಾಟಲಿಗಳ ಹಿಂದಿನ ಸೋಪು

ನೆಲ ಒರೆಸುವ ಫಿನಾಯಿಲ್ ಬಾಟಲಿಗಳ ಹಿಂದೆ ಕೈ ಹಾಕಿದ ಸೊಸೆಯ ಬೆರಳಿಗೆ ಬೇವಿನ ಸೋಪು ತಗುಲಿತು. ಅತ್ತೆಯದೇ ಕೆಲಸ! ಅತ್ತೆ ತೀರಿಕೊಂಡ ಮೇಲೆ ಅವಳು ಈ ಅಂಗಡಿಗೆ ಬಂದದ್ದು ಇದೇ ಮೊದಲು.

ಪರದೇಶದ ಈ ಊರಿನಲ್ಲಿ ತಮ್ಮ ಕಡೆಯ ಸೋಪು ಸಿಗುತ್ತಿದ್ದದ್ದು ಇಲ್ಲಿ ಮಾತ್ರ. ಅತ್ತೆ ಒಂದನ್ನು ಕೊಂಡು, ಇನ್ನೊಂದನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟು ಬರುತ್ತಿದ್ದರು. "ಯಾರಾದ್ರೂ ನೋಡಿದ್ರೆ ಮರ್ಯಾದೆ ಹೋಗತ್ತೆ. ಎರಡೂ ತಗೊಂಡ್ಬಿಡಿ ಅತ್ತೆ" ಎಂದು ಇವಳು ಗದರಿದರೆ, "ಎರಡೂ ತಗೊಂಡ್ರೆ ಮತ್ತೆ ಇಲ್ಲಿಗೆ ಕರ್ಕೊಂಡು ಬರ್ತೀಯೇನೇ? ಬಾಯ್ತುಂಬ ಮಾತಾಡೋಕೆ ನಂಗೆ ಇನ್ನೆಲ್ಲಿದೆ ಜಾಗ?" ಎನ್ನುತ್ತಿದ್ದರು. ಡ್ಯೂಟಿಗೆ ಹೊತ್ತಾಯಿತೆಂದು ಇವಳು ಕಾರಿನ ಕೀ ಆಡಿಸುತ್ತ ನಿಲ್ಲುತ್ತಿದ್ದಳು.

"ಸಿಕ್ತಾ ಅಕ್ಕಾ?" ಗಲ್ಲಾದಿಂದಲೇ ಅಂಗಡಿಯವನು ನಕ್ಕ. "ಅಮ್ಮ ಬಚ್ಚಿಟ್ಟಿದ್ದು ಅಂತ ನಂಗೊತ್ತು. ಮೊನ್ನೆ ಯಾರೋ ಕೇಳಿದ್ರು, ಖಾಲಿ ಅಂದ್ಬಿಟ್ಟೆ. ಅವರ್ಯಾಕೆ ಬರ್ಲಿಲ್ಲ? ತಮ್ಮ ನಾದಿನಿ ಮದುವೆಯಲ್ಲಿ ಜಗಳ ಆದ ಕಥೆ ಅರ್ಧಕ್ಕೇ ನಿಲ್ಸಿ ಹೋಗಿದಾರೆ."

ಹೇಳಿಬಿಡಬೇಕೆಂದು ಬಾಯಿ ತೆರೆದಳು. ಆದರೆ ಸೋಪನ್ನು ಇದ್ದಲ್ಲೇ ಇಟ್ಟು, ಅತ್ತೆ ಮಾಡುತ್ತಿದ್ದ ಹಾಗೆಯೇ ಬಾಟಲಿಗಳನ್ನು ಒಂದೊಂದಾಗಿ ಅದರ ಮುಂದೆ ಸರಿಸಿ ನಿಲ್ಲಿಸಿದಳು.

"ಯಾರಿಗೂ ಕೊಡ್ಬೇಡಿ. ಮುಂದಿನ ವಾರ ಬರ್ತೀವಿ" ಎಂದಳು.